ಊಟದ ಬಸ್ಸಿನ ಕಾಗದಗಳು

ಹೆಸರು ಬರೆದು ಅಂಟಿಸುವ ಹುಚ್ಚು ನನಗೆ ಚಿಕ್ಕಂದಿನಿಂದಲೂ ಇತ್ತು. ಅಡಿಗೆಮನೆಯ ಡಬ್ಬಗಳಿಗೆಲ್ಲ ಚೀಟಿ ಹಚ್ಚಿದ್ದೆ. ಉದ್ದಿನಬೇಳೆ ಎಂದು ಬರೆದ ಡಬ್ಬದಲ್ಲಿ ಅಮ್ಮ ಕಡಲೆಬೇಳೆ ತುಂಬಿಸಿದರೆ ಉಣ್ಣುವುದನ್ನು ಬಿಟ್ಟು ಜಗಳಕ್ಕೆ ನಿಲ್ಲುತ್ತಿದ್ದೆ. "ಮುಚ್ಚಳ ತೆಗೆದು ನೋಡಲಿಕ್ಕೆ ನಿನಗೆ ಕಣ್ಣಿಲ್ಲವಾ?" ಎಂದು ಅಮ್ಮ ಕೇಳುತ್ತಿದ್ದಳು. ಚೀಟಿ ಇರುವಾಗ ಮುಚ್ಚಳ ಯಾಕೆ ತೆಗೆಯಬೇಕು ಎನ್ನುವುದು ನನ್ನ ವಾದ. ಆ ವಾದದಲ್ಲಿ ನಾನು ಸೋತದ್ದು ಹತ್ತು ಹನ್ನೆರಡು ವರ್ಷ ಕಳೆದ ಮೇಲೆ, ಮೂಡಬಿದಿರೆಯಲ್ಲಿ, ಒಂದು ಕಂಪ್ಯೂಟರಿನ ಎದುರು.

ಆಗ ತೊಂಬತ್ತರ ದಶಕ ಅರ್ಧ ದಾಟಿತ್ತು. ಮೂಡಬಿದಿರೆಯ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಮಾಳಿಗೆಯಲ್ಲಿ ಕಂಪ್ಯೂಟರ್ ಕಲಿಸುವ ಕೇಂದ್ರ ಇತ್ತು. ಅದರ ಯಜಮಾನರು ಕರಾವಳಿಯ ಮುಸ್ಲಿಮರಾದ ಬ್ಯಾರಿ ಸಮುದಾಯದವರು. ಗಲ್ಫಿನ ಯಾವುದೋ ಕಂಪನಿಯಲ್ಲಿ ದೊಡ್ಡ ಯಂತ್ರಗಳನ್ನು ನೋಡಿಕೊಂಡಿದ್ದು, ಸಾಕೆನಿಸಿ ಊರಿಗೆ ಬಂದು ಇದನ್ನು ತೆರೆದಿದ್ದರು. ನಾನು ಸಿದ್ಧಕಟ್ಟೆಯಿಂದ ದಿನಾ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಅಲ್ಲಿ ಕೆಲಸ ಮಾಡುತ್ತಿದ್ದೆ. ಮಕ್ಕಳಿಗೆ ಟೈಪಿಂಗ್ ಕಲಿಸುವುದು, ನೆಲ ಗುಡಿಸುವುದು, ಯಜಮಾನರು ಚಹಾ ಕುಡಿಯಲು ಮರೆತರೆ ನೆನಪು ಮಾಡುವುದು, ಎಲ್ಲವೂ ನನ್ನ ಪಾಲಿಗೆ. ಅವರನ್ನು ನಾನು ಸಾರ್ ಎನ್ನುತ್ತಿದ್ದೆ. ಅವರು ನನ್ನನ್ನು ಸಿಟ್ಟು ಬಂದಾಗ ಮೇಡಂ ಎನ್ನುತ್ತಿದ್ದರು.

ಕೇಂದ್ರದಲ್ಲಿ ಇ-ಮೇಲ್ ಇತ್ತು. ಈಗಿನ ಹಾಗೆ ಚಿತ್ರ, ಬಣ್ಣ, ಬಾಣದ ಗುರುತು ಯಾವುದೂ ಇಲ್ಲ. ಕಪ್ಪು ಪರದೆ, ಬಿಳಿ ಅಕ್ಷರ, ಏನು ಬೇಕಾದರೂ ಟೈಪ್ ಮಾಡಿಯೇ ಹೇಳಬೇಕು. ಬೆಳಿಗ್ಗೆ ಏಳಕ್ಕೊಮ್ಮೆ ಸಂಜೆ ಆರಕ್ಕೊಮ್ಮೆ ಯಂತ್ರ ಫೋನ್ ಲೈನಿನಲ್ಲಿ ಕಿರುಚಿ ಕಾಗದಗಳನ್ನು ತರುತ್ತಿತ್ತು, ನಮ್ಮದನ್ನು ಒಯ್ಯುತ್ತಿತ್ತು. ಗಲ್ಫಿನಲ್ಲಿದ್ದ ಮಕ್ಕಳು, ಗಂಡಂದಿರು, ಅಣ್ಣಂದಿರು ತಮ್ಮ ಆಫೀಸಿನ ಕಂಪ್ಯೂಟರಿನಿಂದ ನಮ್ಮ ಒಂದೇ ವಿಳಾಸಕ್ಕೆ ಬರೆಯುತ್ತಿದ್ದರು. ಯಾರ ಮನೆಗೆ, ಯಾವ ಊರಿಗೆ ಎನ್ನುವುದು ಮೇಲಿನ ವಿಷಯದ ಸಾಲಿನಲ್ಲಿ ಇರುತ್ತಿತ್ತು. ಕನ್ನಡ ಅಕ್ಷರ ಬರುತ್ತಿರಲಿಲ್ಲವಾದ್ದರಿಂದ ತುಳು, ಬ್ಯಾರಿ, ಕನ್ನಡ ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯುವುದು. ನಾನು ಅದನ್ನು ಪ್ರಿಂಟ್ ತೆಗೆದು, ಕವರಿಗೆ ಹಾಕಿ, ಬಸ್ ಕಂಡಕ್ಟರನ ಕೈಗೆ ಕೊಡುತ್ತಿದ್ದೆ. ನಮ್ಮ ಕಡೆ ಔಷಧ, ಮಲ್ಲಿಗೆ, ಮರೆತುಹೋದ ಕನ್ನಡಕ ಎಲ್ಲ ಹೋಗುವುದು ಕಂಡಕ್ಟರರ ಕೈಯಲ್ಲೇ. ಇ-ಮೇಲಿಗೆ ಮಾತ್ರ ಬೇರೆ ದಾರಿ ಹುಡುಕುವ ಅಗತ್ಯ ಯಾರಿಗೂ ಕಾಣಲಿಲ್ಲ.

ಒಂದೇ ಪೆಟ್ಟಿಗೆಯಲ್ಲಿ ಎಲ್ಲರ ಕಾಗದ. ಒಂದೊಂದಕ್ಕೂ ಬರೀ ನಂಬರು. ಇನ್ನೂರ ಹನ್ನೆರಡು ಯಾರದ್ದು, ಇನ್ನೂರ ಹದಿಮೂರು ಯಾರದ್ದು ಎಂದು ತಲೆಯಲ್ಲಿ ಇಟ್ಟುಕೊಳ್ಳುವುದು ಹೇಗೆ? ಮೊದಲ ವಾರ ನಾನು ಪುಸ್ತಕದಲ್ಲಿ ಬರೆದುಕೊಂಡು ತಪ್ಪಿದೆ, ತಪ್ಪಿ ಅತ್ತೆ. ಆಗ ಸಾರ್ ಒಂದು ವಿದ್ಯೆ ಹೇಳಿಕೊಟ್ಟರು. "ಪಿಕ್ ಅಂತ ಒಂದು ಆಜ್ಞೆ ಉಂಟು. ಇಂಥ ಪದ ಇರುವ ಕಾಗದಗಳನ್ನೆಲ್ಲ ಹೆಕ್ಕು ಅಂತ ಹೇಳು, ಹೆಕ್ಕುತ್ತದೆ. ಹೆಕ್ಕಿದ ಗುಂಪಿಗೆ ಒಂದು ಹೆಸರಿಡು. ಆಮೇಲೆ ನಂಬರು ಬೇಡ, ಆ ಹೆಸರು ಹೇಳಿದರೆ ಸಾಕು. ತೋರಿಸು ಅಂದರೆ ತೋರಿಸ್ತದೆ, ಪ್ರಿಂಟ್ ಕೊಡು ಅಂದರೆ ಕೊಡ್ತದೆ." ಹೆಸರಿಡು ಎಂಬ ಮಾತು ಕೇಳಿದ್ದೇ ತಡ, ನನಗೆ ಆ ಯಂತ್ರದ ಮೇಲೆ ಪ್ರೀತಿ ಹುಟ್ಟಿತು.

ಊರಿನ ಹೆಸರಿಡುವ ಎಂದು ಮೊದಲು ನೋಡಿದೆ. ಆದರೆ ನನಗೆ ಬೇಕಾದದ್ದು ಊರಲ್ಲ, ಬಸ್ಸು. ಕೊಕ್ಕಡದ ಕಾಗದವೂ ನೆರಿಯದ ಕಾಗದವೂ ಧರ್ಮಸ್ಥಳದ ಲಾಡ್ಜಿನವರ ಕಾಗದವೂ ಹೋಗುವುದು ಬೆಳ್ತಂಗಡಿಯ ಬಸ್ಸಿನಲ್ಲೇ, ಅಲ್ಲಿಂದ ಮುಂದಿನ ಕಂಡಕ್ಟರನ ಕೈಗೆ. ಹಾಗಾಗಿ ಬಸ್ಸಿನ ಹೊತ್ತನ್ನೇ ಹೆಸರಾಗಿ ಟೈಪ್ ಮಾಡಿದೆ, ಒಂದು ಹತ್ತು ಎಂದು ಅಂಕೆಯಲ್ಲಿ. ಯಂತ್ರ ಒಪ್ಪಲಿಲ್ಲ. ಹೆಸರಿನಲ್ಲಿ ಅಕ್ಷರ ಮಾತ್ರ ಇರಬೇಕಂತೆ. ಸರಿ, ಮಧ್ಯಾಹ್ನ ಒಂದು ಹತ್ತಕ್ಕೆ ಬಂಟ್ವಾಳಕ್ಕೆ ಹೊರಡುವ ಬಸ್ಸಿನ ಗುಂಪು 'ಊಟ' ಆಯಿತು. ನಾಲ್ಕರ ಬೆಳ್ತಂಗಡಿ ಬಸ್ಸು 'ಚಹಾ'. ಬೆಳಿಗ್ಗೆ ಮಕ್ಕಳನ್ನು ತುಂಬಿಕೊಂಡು ವೇಣೂರಿಗೆ ಹೋಗುವುದು 'ಶಾಲೆ'. ಸಾರ್ ಪರದೆ ನೋಡಿ, "ಇದು ಹೋಟೆಲಾ, ಕಂಪ್ಯೂಟರ್ ಸೆಂಟರಾ?" ಎಂದು ನಕ್ಕರು. ನಾನು ನಗಲಿಲ್ಲ. ನನ್ನ ಪಾಲಿಗೆ ಅದು ಗಂಭೀರ ಕೆಲಸವಾಗಿತ್ತು.

ದಿನಾ ಟೈಪ್ ಮಾಡುವ ಆಜ್ಞೆಗಳನ್ನೆಲ್ಲ ಸೇರಿಸಿ ಒಂದೇ ಆಜ್ಞೆ ಮಾಡಿಕೊಂಡೆ. ಬೆಳಿಗ್ಗೆ ಅದನ್ನು ಒತ್ತಿದರೆ ಅಂದಿನ ಕಾಗದಗಳು ಊಟ, ಚಹಾ, ಶಾಲೆ ಎಂದು ತಾವಾಗಿ ಗುಂಪಾಗುತ್ತಿದ್ದವು. ನಿನ್ನೆಯ ಗುಂಪು ಅಳಿಸಿ ಅದೇ ಹೆಸರಿಗೆ ಇಂದಿನದು ಬರುತ್ತಿತ್ತು. ಕಾಗದ ಅಳಿಯುವುದಿಲ್ಲ, ಅದು ಪೆಟ್ಟಿಗೆಯಲ್ಲೇ ಇರುತ್ತದೆ, ಗುಂಪಿನಿಂದ ಮಾತ್ರ ಹೊರಗೆ. "ಹಳೆಯದನ್ನು ಇಟ್ಟುಕೊಂಡೇ ಹೊಸದು ಸೇರಿಸಲಿಕ್ಕೂ ಆಗ್ತದೆ," ಎಂದು ಸಾರ್ ಹೇಳಿದ್ದರು. "ಬಸ್ಸು ಒಂದು ದಿನ ಬಾರದಿದ್ದರೆ?" ನಾನು ಮೂಗು ಮುರಿದೆ. "ಊಟದ ಬಸ್ಸು ಬಾರದೆ ಇರುವುದುಂಟಾ ಸಾರ್? ಅದರ ಹಾರ್ನ್ ಕೇಳಿ ಜನ ಅನ್ನ ಬಡಿಸುವುದು."

ಆ ಬಸ್ಸಿನಲ್ಲಿ ಕಾಗದ ತರಿಸಿಕೊಳ್ಳುವವರಲ್ಲಿ ಬಂಟ್ವಾಳ ಪೇಟೆಯ ಒಬ್ಬ ಹುಡುಗಿಯಿದ್ದಳು. ಬ್ಯಾರಿ ಮನೆಯವಳು, ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ತಂದೆ ತೀರಿಕೊಂಡು ವರ್ಷಗಳಾಗಿದ್ದವು. ಒಬ್ಬನೇ ಅಣ್ಣ ಗಲ್ಫಿನ ಮರಳುಗಾಡಿನ ಎಣ್ಣೆ ಬಾವಿಯ ಕ್ಯಾಂಪಿನಲ್ಲಿದ್ದ. ಅಲ್ಲಿಂದ ಊರಿಗೆ ಫೋನು ಮಾಡುವುದು ಪೇಟೆಗೆ ಬಂದಾಗ, ತಿಂಗಳಿಗೊಮ್ಮೆ. ಆಫೀಸಿನ ಕಂಪ್ಯೂಟರ್ ಮಾತ್ರ ಕೈಗೆ ಸಿಗುತ್ತಿತ್ತು. ಅವಳು ಕಂಡಕ್ಟರನ ಕೈಯಲ್ಲಿ ಪುಟ್ಟ ಚೀಟಿ ಕೊಟ್ಟು ಕಳಿಸುವಳು, "ಅಕ್ಕ, ಅಣ್ಣನ ಕಾಗದ ಉಂಟಾ?" ಎಂದು. ಅದರ ಕೆಳಗೇ ನಾನು ಉತ್ತರ ಬರೆದು ಕಳಿಸುವೆ. ಮುಖ ನೋಡದೆಯೇ ನಾವಿಬ್ಬರೂ ಎರಡು ವರ್ಷದ ಪರಿಚಯದವರು.

ಆ ವರ್ಷ ಅವಳ ಮದುವೆ ಗೊತ್ತಾಯಿತು. ದಿನ ಗೊತ್ತಾಗಿರಲಿಲ್ಲ. ಅಣ್ಣನಿಲ್ಲದೆ ನಿಕಾಹ್ ಬೇಡ ಎಂದು ಅವಳ ಹಟ. ಗಂಡಿನ ಕಡೆಯವರಿಗೆ ಅವಸರ. ನಡುವೆ ಸಿಕ್ಕಿದ ದೊಡ್ಡಪ್ಪ ಒಂದು ಗಡುವು ಹಾಕಿದರು: ಶುಕ್ರವಾರದೊಳಗೆ ಅಣ್ಣನ ರಜೆಯ ಸುದ್ದಿ ಬಂದರೆ ಅವನು ಬರುವ ದಿನಕ್ಕೆ, ಬಾರದಿದ್ದರೆ ಗಂಡಿನವರು ಹೇಳಿದ ದಿನಕ್ಕೆ. ಶನಿವಾರ ಎರಡೂ ಕಡೆಯವರು ಕೂತು ನಿಶ್ಚಯ ಮಾಡುವುದು, ಆ ಸಂಜೆಯೇ ಮದುವೆಯ ಆಮಂತ್ರಣ ಕಾಗದ ಅಚ್ಚಿಗೆ. ಇದೆಲ್ಲ ಅವಳು ಅಣ್ಣನಿಗೆಂದು ಬರೆದು ಕಳಿಸಿದ ಉತ್ತರದಲ್ಲಿತ್ತು, ಅದನ್ನು ಟೈಪ್ ಮಾಡಿದವಳು ನಾನೇ. ಹಾಗಾಗಿ ಎಲ್ಲವೂ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ದಾರಿಯೂ ನನಗಿಲ್ಲ.

ಆ ವಾರದ ಬುಧವಾರ ನಮ್ಮ ಚಿಕ್ಕಮ್ಮನ ಮಗಳ ಮದುವೆ, ವೇಣೂರಿನ ಹತ್ತಿರ. ನಾನು ಜರಿ ಸೀರೆ ಉಟ್ಟು, ಒಂದು ಚೆಂಡು ಮಲ್ಲಿಗೆ ಮುಡಿದು, ಬೆಳಿಗ್ಗೆ ಏಳಕ್ಕೆ ಕೇಂದ್ರಕ್ಕೆ ಹೋಗಿ ಕಂಪ್ಯೂಟರಿನ ಎದುರು ಕೂತೆ. ಆಜ್ಞೆ ಒತ್ತಿದೆ. ಗುಂಪುಗಳಾದವು. ಊಟದಲ್ಲಿ ಮೂರು ಕಾಗದ ಎಂದು ಯಂತ್ರ ಹೇಳಿತು. ತೆರೆದು ನೋಡಲು ಪುರುಸೊತ್ತಿಲ್ಲ, ಕೆಳಗೆ ದಿಬ್ಬಣದ ಬಸ್ಸು ಹಾರ್ನ್ ಹೊಡೆಯುತ್ತಿತ್ತು. "ಸಾರ್, ಊಟದ ಬಸ್ಸು ಬಂದಾಗ ಪ್ರಿಂಟ್ ತೆಗೆದು ಕೊಟ್ಟುಬಿಡಿ," ಎಂದು ಕೂಗಿ ಮೆಟ್ಟಿಲು ಇಳಿದೆ.

ದಿಬ್ಬಣದ ಬಸ್ಸು ಹತ್ತಿದರೆ ಬಾಗಿಲಲ್ಲಿ ನಮ್ಮ ಊಟದ ಬಸ್ಸಿನ ಕಂಡಕ್ಟರ್! ಕಿವಿಯ ಹಿಂದೆ ಪೆನ್ನಿನ ಬದಲು ಮಲ್ಲಿಗೆಯ ತುಂಡು ಸಿಕ್ಕಿಸಿಕೊಂಡು, "ಬನ್ನಿ ಟೀಚರೆ, ಇವತ್ತು ಟಿಕೆಟ್ ಇಲ್ಲ," ಎಂದ. ಮದುವೆಯ ಸೀಸನ್ನಿನಲ್ಲಿ ನಮ್ಮ ಕಡೆ ಬಸ್ಸುಗಳು ಒಂದು ದಿನದ ಮಟ್ಟಿಗೆ ದಿಬ್ಬಣಕ್ಕೆ ಹೋಗುವುದು ಹೊಸತಲ್ಲ. ನನಗೆ ಬಹಳ ಖುಷಿಯಾಯಿತು. ಎದುರಿನ ಸೀಟೇ ಸಿಕ್ಕಿತು. ಹಾಡಿದೆವು, ಚಪ್ಪಾಳೆ ತಟ್ಟಿದೆವು. ಈ ಬಸ್ಸು ಇಲ್ಲಿದ್ದರೆ ಊಟದ ಬಸ್ಸು ಎಲ್ಲಿ ಎಂಬ ಪ್ರಶ್ನೆ ನನ್ನ ತಲೆಯ ಹತ್ತಿರವೂ ಸುಳಿಯಲಿಲ್ಲ. ಮಧ್ಯಾಹ್ನ ಒಂದು ಹತ್ತಕ್ಕೆ ನಾನು ಎರಡನೇ ಸಲ ಪಾಯಸ ಹಾಕಿಸಿಕೊಳ್ಳುತ್ತಿದ್ದೆ. ನನ್ನ ಪಕ್ಕದ ಎಲೆಯಲ್ಲಿ ಕಂಡಕ್ಟರನೂ ಉಣ್ಣುತ್ತಿದ್ದ.

ಗುರುವಾರ ಬೆಳಿಗ್ಗೆ ಎಂದಿನಂತೆ ಆಜ್ಞೆ ಒತ್ತಿದೆ. ಮಧ್ಯಾಹ್ನ ಬಸ್ಸು ಬಂತು, ಬದಲಿ ಕಂಡಕ್ಟರ್. ಅವನ ಕೈಯಲ್ಲಿ ಹುಡುಗಿಯ ಚೀಟಿ. "ಅಕ್ಕ, ಅಣ್ಣನ ಕಾಗದ ಉಂಟಾ?" ನಾನು ಊಟ ಎಂಬ ಹೆಸರು ಟೈಪ್ ಮಾಡಿದೆ. ಎರಡೇ ಕಾಗದ, ಎರಡೂ ಬೇರೆಯವರದ್ದು. ನಿನ್ನೆಯದ್ದು ಇದ್ದರೆ ನಿನ್ನೆಯೇ ಹೋಗಿರುತ್ತದೆ, ಅವಳಿಗೆ ಸಿಕ್ಕಿರುತ್ತದೆ. ಅವಳ ಸಾಲಿನ ಕೆಳಗೆ ದುಂಡಗೆ 'ಇಲ್ಲ' ಎಂದು ಬರೆದು, ಅಡಿಗೆರೆಯನ್ನೂ ಎಳೆದು ಕಳಿಸಿದೆ. ಆ ಅಡಿಗೆರೆ ನೆನಪಾದರೆ ಈಗಲೂ ಮೈ ಪರಚಿಕೊಳ್ಳುವಂತಾಗುತ್ತದೆ.

ಶುಕ್ರವಾರ ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ ನಮ್ಮ ಹಳೆಯ ಕಂಡಕ್ಟರ್ ಮೆಟ್ಟಿಲು ಹತ್ತಿ ಬಂದ. ಚೀಟಿ ಕೊಟ್ಟ. "ಸರಿ ಅಕ್ಕ. ಅಣ್ಣ ಬರುವುದಿಲ್ಲ ಅಂತ ತಿಳಿದುಕೊಳ್ತೇನೆ. ನಾಳೆ ದಿನ ನಿಶ್ಚಯ ಮಾಡ್ತಾರೆ. ನಿಮಗೆ ತುಂಬ ತೊಂದರೆ ಕೊಟ್ಟೆ." ಓದಿ ನನಗೂ ಬೇಸರವಾಯಿತು. ಎಂಥ ಅಣ್ಣನಪ್ಪ, ನಾಲ್ಕು ಸಾಲು ಬರೆಯಲಿಕ್ಕೆ ಏನು ಧಾಡಿ ಎಂದು ಅವನನ್ನು ಮನಸ್ಸಿನಲ್ಲೇ ಬೈದೆ.

ಕಂಡಕ್ಟರ್ ಬೆವರು ಒರೆಸಿಕೊಳ್ಳುತ್ತ, "ಏನೇ ಹೇಳಿ ಟೀಚರೆ, ಮೊನ್ನೆ ಪಾಯಸ ಒಳ್ಳೆದಿತ್ತು," ಎಂದ. "ಇಲ್ಲಿ ಮಾತ್ರ ಜನ ನನಗೆ ಬೈದದ್ದೇ ಬೈದದ್ದು. ಬಂಟ್ವಾಳದ ಮಧ್ಯಾಹ್ನದ ಟ್ರಿಪ್ಪೇ ಇರಲಿಲ್ಲ ಅಲ್ವಾ ಬುಧವಾರ."

"ಬದಲಿ ಬಸ್ಸು ಬಿಟ್ಟಿರಲಿಲ್ವಾ?"

"ಎಲ್ಲಿಂದ ಬಿಡುವುದು ಮಾರಾಯ್ತಿ? ಬಸ್ಸು ಇದ್ದದ್ದು ಒಂದೇ. ಅದರಲ್ಲಿ ನೀವು ಕೂತಿದ್ರಿ!"

ಕಂಪ್ಯೂಟರಿನ ಕಡೆ ತಿರುಗಿದೆ. ನಾನು ಗುಂಪಿನ ಹೆಸರು ಟೈಪ್ ಮಾಡಲಿಲ್ಲ. ಇಡೀ ಪೆಟ್ಟಿಗೆಯಲ್ಲಿ ಆ ಅಣ್ಣನ ವಿಳಾಸದಿಂದ ಬಂದದ್ದನ್ನೆಲ್ಲ ಹೆಕ್ಕು ಎಂದೆ. ಕೊನೆಯದು ಬುಧವಾರದ್ದು. ಯಾವ ಗುಂಪಿಗೂ ಸೇರದೆ, ಯಾರೂ ತೆರೆಯದೆ, ನಂಬರು ಹೊತ್ತು ತೆಪ್ಪಗೆ ಕೂತಿತ್ತು. ತೆರೆದೆ. "ರಜೆ ಸಿಗ್ತದೆ. ಮುಂದಿನ ತಿಂಗಳ ಎರಡನೇ ವಾರದಿಂದ ಇಪ್ಪತ್ತು ದಿನ. ಆದರೆ ನಾನು ಒಪ್ಪದಿದ್ದರೆ ಸರದಿ ಇನ್ನೊಬ್ಬನಿಗೆ ಹೋಗ್ತದೆ. ಶನಿವಾರ ಬೆಳಿಗ್ಗೆ ಆಫೀಸು ತೆರೆದಾಗ ನಿಮ್ಮ ಉತ್ತರ ಇಲ್ಲಿರಬೇಕು. ದೊಡ್ಡಪ್ಪನಿಗೆ ಹೇಳು, ಆ ವಾರಕ್ಕೆ ದಿನ ಇಡಲಿ. ನಾನು ಬರ್ತೇನೆ." ಬ್ಯಾರಿಯಲ್ಲಿ ಬರೆದಿದ್ದ. ಎರಡು ವರ್ಷ ಅವರ ಕಾಗದ ಮುಟ್ಟಿ ಮುಟ್ಟಿ ನನಗೂ ಅಷ್ಟು ಅರ್ಥವಾಗುತ್ತಿತ್ತು.

ಶನಿವಾರ ಬೆಳಿಗ್ಗೆ ಅಲ್ಲಿ ಇರಬೇಕಾದರೆ ಶುಕ್ರವಾರ ಸಂಜೆ ಆರರ ಲೈನಿನಲ್ಲಿ ಇಲ್ಲಿಂದ ಹೋಗಬೇಕು. ಪಕ್ಕದ ಬೂತಿಗೆ ಓಡಿ ದೊಡ್ಡಪ್ಪನ ಬಟ್ಟೆ ಅಂಗಡಿಗೆ ಫೋನು ಹಚ್ಚಿದೆ. ರಿಂಗಾಯಿತು, ರಿಂಗಾಯಿತು. ಶುಕ್ರವಾರದ ನಮಾಜಿನ ಹೊತ್ತು, ಅಂಗಡಿ ಮುಚ್ಚಿರುತ್ತದೆ. ನಮ್ಮ ಸಾರ್ ಕೂಡ ಮಸೀದಿಯಲ್ಲಿ. ಬುಧವಾರದ ಊಟದ ಗುಂಪಿನಲ್ಲಿದ್ದ ಮೂರೂ ಕಾಗದಗಳನ್ನು ಪ್ರಿಂಟರಿನಲ್ಲಿ ತೆಗೆದೆ. ಅದು ಒಂದೊಂದು ಸಾಲಿಗೂ ಗರ ಗರ ಎನ್ನುವಾಗ ತಲೆಗೆ ಮೊಟಕುವ ಹಾಗೆ ಕೇಳಿತು. ಬಾಗಿಲಿಗೆ ಬೀಗ ಹಾಕಿ, 'ಬಂಟ್ವಾಳಕ್ಕೆ ಹೋಗಿದ್ದೇನೆ, ಆರರೊಳಗೆ ಬರುತ್ತೇನೆ, ಬೈಯುವುದಿದ್ದರೆ ಆಮೇಲೆ' ಎಂದು ಚೀಟಿ ಸಿಕ್ಕಿಸಿ, ಊಟದ ಬಸ್ಸಿಗೆ ಹಾರಿದೆ.

ಕಂಡಕ್ಟರನಿಗೆ ವಿಷಯ ಹೇಳಿದೆ. ಅವನು ಆ ದಿನ ಇಳಿಯುವವರನ್ನು ಅವಸರ ಮಾಡಿ, ಹತ್ತುವವರನ್ನು ಎಳೆದು, ಸಿದ್ಧಕಟ್ಟೆಯಲ್ಲಿ ಚಾಲಕನಿಗೆ ಚಹಾ ಕುಡಿಯಲಿಕ್ಕೂ ಬಿಡಲಿಲ್ಲ. "ಪಾಯಸ ನಾನೂ ಉಂಡಿದ್ದೇನೆ ಟೀಚರೆ," ಎಂದ. ಪಾಪದಲ್ಲಿ ತನಗೂ ಪಾಲುಂಟು ಎನ್ನುವ ಹಾಗಿತ್ತು ಅವನ ಮುಖ.

ಬಂಟ್ವಾಳ ಪೇಟೆಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹೊಲಿಗೆ ಯಂತ್ರದ ಸದ್ದು ಹಿಡಿದು ಹೋದೆ. ಅವಳನ್ನು ಮೊದಲ ಸಲ ನೋಡಿದ್ದು ಆಗ. ತೆಳ್ಳಗೆ, ಹಲ್ಲಿನಲ್ಲಿ ನೂಲು ಕಚ್ಚಿಕೊಂಡು, ಕಣ್ಣು ಕೆಂಪಗೆ. ನಮಾಜು ಮುಗಿಸಿ ದೊಡ್ಡಪ್ಪನೂ ಅಲ್ಲಿಗೇ ಬಂದಿದ್ದರು. ನಾನು ಕಾಗದ ಓದಿದೆ. 'ನಾನು ಬರ್ತೇನೆ' ಎಂಬಲ್ಲಿಗೆ ಬಂದಾಗ ಅವಳ ತಾಯಿ ಸೆರಗು ಬಾಯಿಗೆ ಒತ್ತಿಕೊಂಡರು. ಹುಡುಗಿ ಮಾತ್ರ ಅಳಲಿಲ್ಲ, ನಗಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

"ಬುಧವಾರ ಬಂದದ್ದು ಇವತ್ತು ತಂದ್ರಾ?" ಎಂದು ದೊಡ್ಡಪ್ಪ ಕೇಳಿದರು.

"ಬುಧವಾರ ಬಸ್ಸು ಇರಲಿಲ್ಲ ಕಾಕಾ."

ಸುಳ್ಳಲ್ಲ. ಆದರೆ ಗುರುವಾರ ಬಸ್ಸು ಇತ್ತು ಎನ್ನುವುದನ್ನು ನಾನು ಹೇಳಲಿಲ್ಲ. ಹೇಳುವ ಧೈರ್ಯ ಬರಲಿಲ್ಲ. ದೊಡ್ಡಪ್ಪ ಎದ್ದುನಿಂತು, "ಬರೀರಿ, ಬಾ ಅಂತ ಬರೀರಿ. ಗಂಡಿನವರಿಗೆ ನಾನು ಹೇಳ್ತೇನೆ," ಎಂದರು. ಅವರ ಆ ಒಂದು ಸಾಲನ್ನು ಚೀಟಿಯಲ್ಲಿ ಬರೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಮೂರೂವರೆಯ ಬಸ್ಸು ಹಿಡಿದು ಬಂದು, ಆರಕ್ಕೆ ಹತ್ತು ನಿಮಿಷ ಇರುವಾಗ ಟೈಪ್ ಮಾಡಿ ಮುಗಿಸಿದೆ. ಯಂತ್ರ ಕಿರುಚಿ ಒಯ್ದಿತು.

ಆಮೇಲೆ ಸಾರ್ ಹತ್ತಿರ ಕೇಳಿದೆ. "ಬಸ್ಸು ಬರಲಿಲ್ಲ. ನಾಳೆಯದ್ದರ ಜೊತೆ ನೀನು ಕಳಿಸ್ತೀಯ ಅಂತ ಬಿಟ್ಟೆ," ಎಂದರು. ತಪ್ಪು ಅವರ ತಲೆಗೆ ಕಟ್ಟಲು ಒಂದು ಕ್ಷಣ ಆಸೆಯಾದದ್ದು ನಿಜ. ಆದರೆ ಹಳೆಯ ಗುಂಪನ್ನು ಅಳಿಸುವ ಆಜ್ಞೆ ಬರೆದವಳು ನಾನು, ಹೇಳಿದಾಗ ಮೂಗು ಮುರಿದವಳೂ ನಾನು. ಸಾರ್ ಬೈಯಲಿಲ್ಲ, ಮೇಡಂ ಎಂದೂ ಹೇಳಲಿಲ್ಲ. ಒಂದು ಹೊಸ ಉಪಾಯ ತೋರಿಸಿದರು. ಗುಂಪಿನ ಹೆಸರಿನ ಮುಂದೆ 'ಅಲ್ಲದ' ಎಂಬ ಅರ್ಥದ ಸಣ್ಣ ಪದ ಸೇರಿಸಿದರೆ, ಆ ಗುಂಪಿನಲ್ಲಿ ಇಲ್ಲದ್ದನ್ನೆಲ್ಲ ಯಂತ್ರ ತೋರಿಸುತ್ತದೆ. ಅಂದಿನಿಂದ ಕಂಡಕ್ಟರನ ಕೈ ಸೇರಿದ ಕಾಗದಗಳಿಗೆ ಮಾತ್ರ 'ಹೋಯ್ತು' ಎಂದು ಹೆಸರಿಟ್ಟೆ. ಸಂಜೆ ಮನೆಗೆ ಹೊರಡುವ ಮೊದಲು, ಹೋಗದೆ ಉಳಿದದ್ದನ್ನೆಲ್ಲ ತೋರಿಸು ಎಂದು ಕೇಳಿ, ಪರದೆ ಖಾಲಿ ಎಂದು ಕಣ್ಣಾರೆ ಕಂಡ ಮೇಲೆಯೇ ಚಪ್ಪಲಿ ಮೆಟ್ಟುತ್ತಿದ್ದೆ. ಮನೆಯಲ್ಲಿ ಡಬ್ಬದ ಮುಚ್ಚಳ ತೆಗೆದು ನೋಡತೊಡಗಿದ್ದನ್ನು ಕಂಡು ಅಮ್ಮನಿಗೆ ಗಾಬರಿಯಾಯಿತು, ಆರೋಗ್ಯ ಸರಿಯುಂಟಾ ಎಂದು ಕೇಳಿದಳು.

ಮದುವೆಯ ಆಮಂತ್ರಣ ಬಂತು, ಕಂಡಕ್ಟರನ ಕೈಯಲ್ಲೇ. ಅವನಿಗೂ ಒಂದು, ಸಾರ್‌ಗೂ ಒಂದು. ನಾನು ಹೋಗುವುದೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ಕೊನೆಗೆ ಹೋದೆ. ಗಂಡಸರ ಚಪ್ಪರದಲ್ಲಿ ಅಣ್ಣ ಬಿಸಿಲಿಗೆ ಕಪ್ಪಾದ ಮುಖದಲ್ಲಿ ಹಲ್ಲು ಬಿಟ್ಟುಕೊಂಡು ಎಲ್ಲರನ್ನೂ ಊಟಕ್ಕೆ ಕೂರಿಸುತ್ತ ಓಡಾಡುತ್ತಿದ್ದ. ತುಪ್ಪದ ಅನ್ನದ ಪರಿಮಳ ಬೀದಿಯವರೆಗೂ ಇತ್ತು. ಹೆಂಗಸರ ಕೋಣೆಯಲ್ಲಿ ಮದುಮಗಳ ಹತ್ತಿರ ಕೂತೆ. ಗದ್ದಲದಲ್ಲಿ ಯಾರಿಗೂ ಕೇಳದ ಹಾಗೆ ಹೇಳಿಬಿಟ್ಟೆ. "ಆ ಗುರುವಾರ ಬಸ್ಸು ಇತ್ತು. ಕಾಗದವೂ ಇತ್ತು. ನಾನು ಸರಿಯಾಗಿ ನೋಡದೆ ಬರೆದದ್ದು. ತಪ್ಪು ನನ್ನದು."

"ಗೊತ್ತುಂಟು ಅಕ್ಕ," ಎಂದಳು. "ಗುರುವಾರ ಬಸ್ಸು ಬಂದದ್ದಕ್ಕೇ ಅಲ್ವಾ ನಿಮ್ಮ ಚೀಟಿ ನನಗೆ ಸಿಕ್ಕಿದ್ದು."

ನನಗೆ ಅದು ಹೊಳೆದೇ ಇರಲಿಲ್ಲ. ಆ ಶುಕ್ರವಾರ ಅವಳು ನನ್ನನ್ನು ಹಾಗೆ ನೋಡುತ್ತಿದ್ದದ್ದು ಇದಕ್ಕೇ. ದೊಡ್ಡಪ್ಪನ ಎದುರು ಒಂದು ಮಾತು ಆಡಿದ್ದರೆ ನನ್ನ ಮಾನ ಹೋಗುತ್ತಿತ್ತು, ಆಡಿರಲಿಲ್ಲ.

ಅವಳು ಮೆಹಂದಿಯ ಕೈಯಿಂದ ದಿಂಬಿನ ಅಡಿಯ ಚೀಲ ತಡಕಾಡಿ ಒಂದು ಚೀಟಿ ತೆಗೆದಳು. ಮಡಚಿ ಮಡಚಿ ಮೆತ್ತಗಾಗಿತ್ತು. 'ಅಕ್ಕ, ಅಣ್ಣನ ಕಾಗದ ಉಂಟಾ?' ಅದರ ಕೆಳಗೆ ನನ್ನ ದುಂಡಗಿನ 'ಇಲ್ಲ', ಅಡಿಗೆರೆ ಸಹಿತ. "ಇದನ್ನು ಹಿಡಿದುಕೊಂಡು ಒಂದು ದಿನ ಪೂರ್ತಿ ಅತ್ತಿದ್ದೇನೆ," ಎಂದಳು. "ಸರಿ ಮಾಡಿ ಕೊಡಿ."

ಪಕ್ಕದ ಹುಡುಗಿಯೊಬ್ಬಳ ಹತ್ತಿರ ಪೆನ್ನು ಇಸಕೊಂಡೆ. ಹೊರಗೆ ಅಣ್ಣ ಯಾರನ್ನೋ ಊಟಕ್ಕೆ ಕೂಗುತ್ತಿದ್ದದ್ದು ಕೇಳಿಸುತ್ತಿತ್ತು. 'ಇಲ್ಲ' ಎನ್ನುವುದನ್ನು ಹೊಡೆದುಹಾಕಿ, ಪಕ್ಕದಲ್ಲಿ 'ಉಂಟು' ಎಂದು ಬರೆದು ಅವಳ ಕೈಗೆ ಕೊಟ್ಟೆ.